ಟೋಪಿಗೆ ಬಂದ ಹೊಗಳಿಕೆ

ಅಜ್ಜಂಪುರ, 11 ಮೇ 2025, ಭಾನುವಾರ

ಕೂದಲಿನ ಮಾತ್ರೆ ಇವತ್ತೂ ಶುರು ಮಾಡಲಿಲ್ಲ. ಉದುರುವುದು ನಿಲ್ಲಬಹುದು, ಆದರೆ ಕೆಲವರಿಗೆ ಗಂಡಸುತನಕ್ಕೇ ತೊಂದರೆಯಾಗುತ್ತದೆ ಎಂದಿದ್ದಾರೆ ಡಾಕ್ಟರು. ಮದುವೆ ಹತ್ತಿರವಿರುವಾಗ ಆ ‘ಕೆಲವರು’ ಹೆದರಿಸುತ್ತಾರೆ. ಹೊಸ ಔಷಧಿ ಪ್ರಯೋಗದಲ್ಲಿದೆ ಎಂದು ಪೇಪರಿನಲ್ಲಿ ಓದಿ ಕಾಯುತ್ತಿದ್ದೇನೆ. ಅಲ್ಲಿಯವರೆಗೆ ಟೋಪಿ.

ಮೊದಲು ನಮಾಜಿಗಷ್ಟೇ ಹಾಕುತ್ತಿದ್ದೆ, ಈಗ ಇಡೀ ದಿನ ತೆಗೆಯುವುದಿಲ್ಲ. ಇವತ್ತು ತರೀಕೆರೆಯಲ್ಲಿ ಹೆಣ್ಣಿನ ಮನೆಯವರ ಮುಂದೆ ಮುಕ್ತಿಯಾರ್ ಚಾಚಾ ನನ್ನ ಬೆನ್ನು ತಟ್ಟಿದರು. “ನಮ್ಮ ಮುಜಾಹಿದ್ ಟೋಪಿ ಇಳಿಸಿದ್ದೇ ನೋಡಿಲ್ಲ ಕಣ್ರೀ. ಈ ವಯಸ್ಸಿಗೆ ಎಂಥಾ ಭಕ್ತಿ!” ಹುಡುಗಿ ಸೂಫಿಯಾಳ ಅಜ್ಜಿ ಹಜೀರಾಬಿ ಕಣ್ಣೊರೆಸಿಕೊಂಡರು. “ಇಂಥಾ ಹುಡುಗನಿಗೇ ದುವಾ ಮಾಡ್ತಿದ್ದೆ ಕಣಪ್ಪಾ.”

ನಾನು ತಲೆ ತಗ್ಗಿಸಿದೆ. ಅದನ್ನೂ ವಿನಯ ಎಂದುಕೊಂಡರು. ಬೋಳು ಮುಚ್ಚಿಟ್ಟದ್ದಕ್ಕಿಂತ ಆ ಹೊಗಳಿಕೆ ನುಂಗಿಕೊಂಡದ್ದಕ್ಕೆ ಹೆಚ್ಚು ನಾಚಿಕೆಯಾಗುತ್ತಿದೆ. ಬೆಳಗಿನ ಫಜರ್ ನಮಾಜಿಗೆ ನಾನು ಎದ್ದು ತಿಂಗಳುಗಳೇ ಆದವು.

ಮನೆಗೆ ಬಂದಮೇಲೆ, ಸೂಫಿಯಾಳಿಗೆ ನಿಜ ಹೇಳೋಣವೆಂದು ಟೋಪಿಯಿಲ್ಲದ ಒಂದು ಫೋಟೊ ತೆಗೆದುಕೊಂಡೆ. ಕಳಿಸುವಷ್ಟರಲ್ಲಿ ಸೂಫಿಯಾಳದೇ ಮೆಸೇಜು ಬಂತು: “ನಂಗೆ ಫಜರ್‌ಗೆ ಎಚ್ಚರ ಆಗಲ್ಲ. ಮದುವೆ ಆದ್ಮೇಲೆ ನೀವೇ ಎಬ್ಬಿಸ್ಬೇಕು, ಆಯ್ತಾ?”

‘ಆಯ್ತು’ ಎಂದು ಕಳಿಸಿಬಿಟ್ಟೆ. ಫೋಟೊ ಕಳಿಸಲಿಲ್ಲ. ನಾಳೆಗೆ ಅಲಾರಂ ಇಟ್ಟಿದ್ದೇನೆ, ಏಳುತ್ತೇನೋ ಇಲ್ಲವೋ ನೋಡಬೇಕು.