ಬೀರೂಲಿಟ್ಟ ಸಸಿ

ಜೀವಶಾಸ್ತ್ರದ ಮೇಷ್ಟ್ರಿಗೆ ಟೈಲರ್ ಮಾಡೋ ನಮಸ್ಕಾರ.

"ಗಿಡ ಹಸಿರಾಗೋಕೆ ಬೆಳಕು ಬೇಕಾ? ಉತ್ತರ ನಾನು ಹೇಳಲ್ಲ, ನೀವೇ ಮಾಡಿ ಕಂಡ್ಕೊಳ್ಳಿ" ಅಂತ ನೀವು ಮಕ್ಕಳಿಗೆ ಹೇಳಿದ್ರಂತೆ. ನನ್ನ ಮಗಳು ಒಂದು ಸಸೀನ ಕಿಟಕೀಲಿಟ್ಟು, ಇನ್ನೊಂದನ್ನ ನನ್ನ ಬಟ್ಟೆ ಬೀರೂಲಿಟ್ಟಳು. ಪಾಪ, ಕತ್ತಲಲ್ಲಿ ಸತ್ತೇ ಹೋಗುತ್ತೆ ಅಂತ, ಅವಳು ಸ್ಕೂಲಿಗೆ ಹೋದ್ಮೇಲೆ ದಿನಾ ನಾನೇ ಅದನ್ನ ಬಿಸಿಲಿಗಿಟ್ಟು, ಅವಳು ಬರೋ ಮುಂಚೆ ಒಳಗಿಡ್ತಿದ್ದೆ. ಸಸಿ ಹಸಿರಾಗೇ ಬಂತು. ಅವಳು ಕಂಡಿದ್ದನ್ನೇ ಬರೆದಳು. ನೀವು ಸುಳ್ಳು ಅಂತ ಎಲ್ಲರ ಮುಂದೆ ಸೊನ್ನೆ ಹಾಕಿದ್ರಿ.

"ಅಪ್ಪಾ, ಹಸಿರು ಹೇಗೆ ಬಂತು?" ಅಂತ ಅತ್ತಳು. "ಬೀರೂಲಿದ್ದ ಹಸಿರು ಬಟ್ಟೆ ಬಣ್ಣ ಬಿಟ್ಟಿರ್ಬೇಕು ಕಣಮ್ಮಾ" ಅಂತ ತಮಾಷೆ ಮಾಡಿ ಜಾರ್ಕೊಂಡೆ. ಅವಳು ಆ ಬಟ್ಟೆ ತೆಗೆದಿಟ್ಟು, ಮತ್ತೆ ಕಾಳು ಹಾಕಿ ಬೀರೂಲಿಟ್ಟಳು. ಈ ಸಲ ನಾನು ಮುಟ್ಟಲಿಲ್ಲ. ಸಸಿ ಬಿಳಿಚ್ಕೊಂಡು ಬಂತು. "ಅಪ್ಪ ಹೇಳಿದ್ದೇ ಸರಿ" ಅಂತ ನಾಳೆ ಕ್ಲಾಸಲ್ಲಿ ಹೇಳ್ತಾಳಂತೆ.

ಯಾರೂ ನಗದ ಹಾಗೆ ನೋಡ್ಕೊಳ್ಳಿ ಮೇಷ್ಟ್ರೇ. ಆ ಸೊನ್ನೆ ನನಗೆ ಹಾಕಿ. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟೋನು, ಸೊನ್ನೆ ನನಗೇನು ಹೊಸದಲ್ಲ. ತಪ್ಪು ಹೊಲಿಗೆ ಹಾಕಿದೋನೇ ಬಿಚ್ಚಬೇಕಲ್ವಾ. ಆದ್ರೆ ಅವಳ ಮುಖ ನೋಡ್ಕೊಂಡು ಹೇಳೋಕೆ ನಾಚಿಕೆ. ಅದಕ್ಕೇ ಈ ಕಾಗದ ಅವಳ ಕೈಲೇ ಕಳಿಸ್ತಿದೀನಿ. ಕವರಿಗೆ ಬೇಕಂತಲೇ ಅಂಟು ಹಾಕಿಲ್ಲ.

ತಲೆ ತಗ್ಗಿಸ್ಕೊಂಡು,
ಅವಳ ಅಪ್ಪ