ನೀರಿಗೆ ಬಿಟ್ಟ ಟ್ರೌಟ್

ಇಂಗೋಲ್‌ಸ್ಟಾಟ್
ನವೆಂಬರ್ 10, ಸೋಮವಾರ

ಆದಿಲ್ ಅವರಿಗೆ ಸಲಾಂ,

ಹೆದರಬೇಡಿ, ಬೈಯಲಿಕ್ಕೆ ಬರೆಯುತ್ತಿಲ್ಲ. ಕೆಲಸ ಬದಲಾಗಿ ಹ್ಯಾಂಬರ್ಗ್‌ಗೆ ಹೋಗುವಾಗ ಅಮ್ನಾಳನ್ನೂ ಕರೆದೊಯ್ಯಲು ನನ್ನ ಒಪ್ಪಿಗೆ ಕೇಳಿದ್ದಿರಿ. ಮಗಳು ನಿಮ್ಮ ಮನೆಯಲ್ಲೇ ಇದ್ದರೂ ಭಾನುವಾರಗಳು ನನ್ನವು. ಇನ್ನೊಂದು ಭಾನುವಾರ ಕಳೆಯಲಿ, ಆಮೇಲೆ ಹೇಳುತ್ತೇನೆ ಅಂದಿದ್ದೆ. ಅವಳ ಮನಸ್ಸು ತಿರುಗಿಸಬಹುದು ಅಂತ ಆಸೆಯಿತ್ತು, ಮುಚ್ಚಿಡುವುದೇನು.

ಮೀನು ಹಿಡಿಯಬೇಕು ಅಂತ ಎಷ್ಟು ದಿನದಿಂದ ಪೀಡಿಸುತ್ತಿದ್ದಳಲ್ಲ, ನಿನ್ನೆ ಟ್ರೌಟ್ ಮೀನು ಸಾಕುವ ಕೆರೆಗೆ ಕರೆದುಕೊಂಡು ಹೋದೆ. ಮೀನು ಹಿಡಿಯುವ ಲೈಸೆನ್ಸ್ ಇರುವ ಪಕ್ಕದ ಮನೆಯ ಗಿರಿಧರ್ ಜೊತೆಗಿದ್ದರು. ದಡದಲ್ಲಿ ಚಳಿಗೆ ಮೂಗು ಕೆಂಪಾದರೂ ಹುಡುಗಿ ಗಾಳದಿಂದ ಕಣ್ಣು ತೆಗೆಯಲಿಲ್ಲ. ನಾನು ಕನ್ನಡದಲ್ಲಿ ಏನು ಕೇಳಿದರೂ ಜರ್ಮನ್‌ನಲ್ಲೇ ಉತ್ತರ. ಇರಲಿ, ಉತ್ತರವಾದರೂ ಬಂತಲ್ಲ ಅಂದುಕೊಂಡೆ. ನಾನು ಮಾಡಿದ್ದ ಖೀಮಾ ಪರೋಟಾ ಒಂದನ್ನೂ ಉಳಿಸಲಿಲ್ಲ.

ಮಧ್ಯಾಹ್ನ ಅವಳ ಗಾಳಕ್ಕೆ ದೊಡ್ಡದೊಂದು ಬಿತ್ತು. ನಗುತ್ತಾ ನನ್ನ ತೋಳು ಹಿಡಿದುಕೊಂಡಳು. ಮೀನಿನ ಹೊಟ್ಟೆ ಉಬ್ಬಿತ್ತು, ತುಂಬ ಮೊಟ್ಟೆ. ಹರಿಹರದಲ್ಲಿ ನಮ್ಮ ಅಬ್ಬಾ ಅಂಥ ಮೀನನ್ನು ಯಾವತ್ತೂ ಮನೆಗೆ ತಂದವರಲ್ಲ, ಹೊಳೆಗೇ ಬಿಡುತ್ತಿದ್ದರು. ನಾನೂ ಹಿಂದೆ ಮುಂದೆ ನೋಡದೆ ಗಾಳ ಬಿಡಿಸಿ ನೀರಿಗೆ ಬಿಟ್ಟುಬಿಟ್ಟೆ.

ಇಲ್ಲಿ ಹಾಗೆ ಬಿಡುವಂತಿಲ್ಲವಂತೆ. ಹಿಡಿದ ಮೀನಿನ ತಲೆಗೆ ಆಗಲೇ ಹೊಡೆದು ಕೊಲ್ಲಬೇಕಂತೆ. ಕೆರೆ ನೋಡಿಕೊಳ್ಳುವ ಮುದುಕ ಎಲ್ಲರೆದುರು ಗದರಿದ. ಅಮ್ಮನಿಗೆ ಇಲ್ಲಿಯ ರೀತಿ ಗೊತ್ತಾಗುವುದಿಲ್ಲ ಅಂತ ಅಮ್ನಾ ನನ್ನ ಪರವಾಗಿ ಕ್ಷಮೆ ಕೇಳಿದಳು. ಹನ್ನೆರಡು ವರ್ಷದ ಮಗು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಕಾರಿನಲ್ಲಿ ಅತ್ತಳು. ಅದು ತನ್ನ ಮೊದಲ ಮೀನು, ತನ್ನನ್ನು ಒಂದು ಮಾತು ಕೇಳಬಾರದಿತ್ತೇ ಅಂದಳು. ಪಪ್ಪನ ಮನೆಗೆ ಬಿಡು ಅಂದಳು, ಊಟಕ್ಕೂ ನಿಲ್ಲಲಿಲ್ಲ.

ಕರೆದುಕೊಂಡು ಹೋಗಿ. ಈ ಸಲ ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. ಹ್ಯಾಂಬರ್ಗ್‌ಗೆ ಹೋಗುತ್ತೀಯಾ ಅಂದದ್ದಕ್ಕೆ ಜರ್ಮನ್‌ನಲ್ಲೇ ‘ಯಾ’, ಹೂಂ, ಅಂದಳು, ಒಂದು ಕ್ಷಣವೂ ತಡೆಯಲಿಲ್ಲ. ಅಲ್ಲಿ ಮಳೆ ಜಾಸ್ತಿ, ಅವಳ ಕಿವಿನೋವು ನೆನಪಿರಲಿ.

ನಾಜ್ನೀನ್

ಮರೆತಿದ್ದೆ: ಕೆರೆಯ ಮುದುಕ ಗದರಿದಾಗ, ಹೋಗಲಿ, ಮೀನು ಬದುಕಿಕೊಳ್ಳಲಿ ಅಂದಿದ್ದೆ. ಅದರ ಗಂಟಲು ಹರಿದಿದೆ, ತಳಕ್ಕೆ ಹೋಗಿ ಸಾಯುತ್ತದೆ ಅಂದ ಮುದುಕ. ಅಷ್ಟು ಜರ್ಮನ್ ನನಗೂ ಬರುತ್ತದೆ. ಆದರೆ ಅಮ್ನಾ ನನ್ನ ಕಡೆ ತಿರುಗಿ, ಅದು ಬದುಕುತ್ತಂತೆ ಅಂತ ಕನ್ನಡದಲ್ಲಿ ಹೇಳಿದಳು. ದಿನವಿಡೀ ಅವಳ ಬಾಯಲ್ಲಿ ಬಂದ ಮೊದಲ ಕನ್ನಡ ಅದು. ಕಾರಿನಿಂದ ಇಳಿಯುವಾಗ, ನನ್ನನ್ನು ನೋಡಲು ಬರುತ್ತಿರುತ್ತೀಯಾ ಅಂತ ಕೇಳಿದೆ. ಪ್ರತಿ ತಿಂಗಳೂ ಬರ್ತೀನಿ ಅಂದಳು. ಅದನ್ನೂ ಕನ್ನಡದಲ್ಲೇ ಹೇಳಿದಳು.