ಸ್ಕ್ರೀನ್ ಚಾಲೂ ಇತ್ತಂತ ಹಾಕಿದ ಸಹಿ

ಕೊಡಂಬಲ, ತಾಲೂಕ ಚಿಟಗುಪ್ಪ
೧೯ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಸಂಜೂಗ ಅಕ್ಕ ಮೇಘಾನ ಆಶೀರ್ವಾದ.

ನಿನ್ನ ತಬ್ಯೇತ ಹ್ಯಾಂಗದ? ಆ ನದಿ ದಂಡಿ ಥಂಡಿ ನಿನಗ ಆಗಿಬರೂದಿಲ್ಲ, ಸಣ್ಣಾಂವಿದ್ದಾಗಿಂದ ಎದಿ ಗೊರಗೊರ ಅಂತದ. ಉಣ್ಣಿ ಟೊಪಗಿ ಹಾಕ್ಕೊ, ಬಿಸಿನೀರ ಕುಡಿ. ಫೋನ್ ಮಾಡಿ ಕೇಳಬೇಕಂದ್ರ ನೀ ಎತ್ತೂದಿಲ್ಲ. ಒಂದೂವರಿ ತಿಂಗಳಾತು, ನನ್ನ ಹೆಸರು ಕಂಡಕೂಡ್ಲೆ ಕಟ್ ಮಾಡ್ತಿ. ಅದಕ್ಕ ಕಾಗದ ಬರಿಯಾಕತ್ತೇನಿ. ಹರದು ಒಗದ್ರೂ ಮೊದಲ ಓದೇ ಒಗೀತಿ, ನನ್ನ ತಮ್ಮನ ಬುದ್ಧಿ ನನಗ ಗೊತ್ತದ. ಇಲ್ಲಿ ಕಡ್ಲಿ ರಾಶಿ ಮುಗೀತು. ಸಪ್ನಾ ಅಂಗನವಾಡಿಗೆ ಹೊಂಟಾಳ, ಅಪ್ಪನ ಬೂಟಿನಾಗ ಕಾಲಿಟ್ಟು ಮನಿ ತುಂಬ ಓಡಾಡ್ತಾಳ. ಹ್ವಾದ ವಾರ ನಾರಾಯಣಪುರಕ್ಕ ಹೋಗಿದ್ದೆ. ಅವ್ವನ ಮೊಣಕಾಲು ಬಾತಿತ್ತು, ಬಸವಕಲ್ಯಾಣದಾಗ ಡಾಕ್ಟರಿಗೆ ತೋರ್ಸೀನಿ. ಎಮ್ಮಿ ಮಾರು ಅಂದ್ರ ನನ್ನ ಮ್ಯಾಲೇ ಸಿಟ್ಟಾಗ್ತಾಳ. ಅವಳ ಫಿಕರ್ ಮಾಡಬ್ಯಾಡ.

ಇನ್ನ ನಿನ್ನ ಮಾವನ, ನನ್ನ ಗಂಡನ ಮಾತು. ಅವರನ್ನ ಮೊದಲ ನಮ್ಮ ಮನಿಗೆ ಕರಕೊಂಡ ಬಂದಾಂವ ನೀನ. ಇಬ್ಬರೂ ಹುಮನಾಬಾದದಾಗ ಕೂಡೇ ಓಡಿ ತಯಾರಿ ಮಾಡಿದ್ರಿ, ಕೂಡೇ ಗಡಿ ಪಡೆ ಸೇರಿದ್ರಿ. "ಅಕ್ಕಾ, ಶಿವರಾಜನಂಥಾ ಮನಷ್ಯಾ ಹುಡುಕಿದ್ರೂ ಸಿಗೂದಿಲ್ಲ" ಅಂತ ನನ್ನ ಒಪ್ಪಿಸಿದಾಂವನೂ ನೀನ. ನಿಮ್ಮ ಚೌಕಿಗೆ ಹೊಸಾ ಬೇಲಿ ಬಂದಾಗ ಅವರಿಗೆ ಎಷ್ಟು ಖುಷಿ ಆಗಿತ್ತು! ಕಂಬದ ಮ್ಯಾಲ ಕ್ಯಾಮೆರಾ, ನೆಲದಾಗ ಹೂತ ತಂತಿ, ಯಾರರ ಕಾಲಿಟ್ರ ನೀ ಕೂಡೂ ಕೋಣ್ಯಾಗ ಸ್ಕ್ರೀನ್ ಚೀರ್ತದಂತ. "ಇನ್ನ ನಿನ್ನ ತಮ್ಮ ಕುಂತಲ್ಲೇ ನನ್ನ ಕಾಯ್ತಾನ ನೋಡು" ಅಂತ ಫೋನಿನಾಗ ನಕ್ಕಿದ್ರು. ಮಷೀನ್ ಕಾಯ್ತದಂತ ಗಸ್ತಿಗೆ ಜೋಡಿ ಕಳಸೂದು ಬಿಟ್ಟು ಒಬ್ಬೊಬ್ಬರನ್ನ ಕಳಸಾಕ ಹತ್ತಿದ್ರು. ಡಿಸೆಂಬರ್ ಒಂಬತ್ತರ ಮುಂಜಾನಿ ಆ ಮಂಜಿನಾಗ ಅವರು ಒಬ್ಬರೇ ಹೋದ್ರು. ಹತ್ತು ಗಂಟೆಕ್ಕ ನದಿ ದಂಡಿಗೆ ಸಿಕ್ಕರು, ಕುತ್ತಿಗಿಗೆ ಏಟು ಬಿದ್ದಿತ್ತು. ಕಳ್ಳ ಸಾಗಣಿ ಮಂದಿ ಕೆಲಸ ಅಂದ್ರು.

ಅವರನ್ನ ಮಣ್ಣು ಮಾಡೂ ದಿನ ಇಡೀ ಕೊಡಂಬಲ ಬಂದಿತ್ತು. ವೀರ ಯೋಧ ಅಂತ ಪಂಚಾಯ್ತಿಯವರು ಬ್ಯಾನರ್ ಕಟ್ಟಿದ್ರು. ಜನವರಿದಾಗ ನಿಮ್ಮ ಕಡಿಂದ ವಿಚಾರಣಿ ಕಾಗದ ಬಂತು: ಸಿಸ್ಟಂ ಚಾಲೂ ಇತ್ತು, ಅಲಾರಂ ಹೊಡೀತು, ಎಚ್ಚರಿಕಿ ಕೊಟ್ಟರೂ ಜವಾನ ಲಕ್ಷ್ಯ ಕೊಡಲಿಲ್ಲ, ಸ್ವಂತ ನಿರ್ಲಕ್ಷ್ಯದಿಂದ ಸಾವು. ಕೆಳಗ ಸ್ಕ್ರೀನ್ ಮುಂದ ಕುಂತಾಂವನ ಸಹಿ, ಸಂಜುಕುಮಾರ. ನಾ ಸ್ಲೇಟಿನ ಮ್ಯಾಲ ಕೈ ಹಿಡಿದು ಕಲಿಸಿದ ಅಕ್ಷರ. ಬ್ಯಾನರ್ ಈಗ ಪಂಚಾಯ್ತಿ ಹಿಂದ ಸುತ್ತಿ ಒಗದಾರ. ನಮ್ಮ ಅತ್ತಿ ಅದನ್ನ ನೋಡಿ ಬಂದು ಕೇಳಿದ್ರು, "ನನ್ನ ಮಗ ಉಡಾಫಿ ಮಾಡಿ ಸತ್ತನೇನು, ಮೇಘಾ?" ನಾ ಏನು ಜವಾಬ್ ಕೊಡ್ಲಿ ಹೇಳು.

ಜವಾಬ್ ನನಗ ಗೊತ್ತಿತ್ತು, ತಮ್ಮಾ. ಅವರ ದಿನದ ಕಾರ್ಯಕ್ಕ ನೀ ಬಂದಿದ್ದಿಯಲ್ಲ, ಆಗ ನಾರಾಯಣಪುರದ ಮನ್ಯಾಗ ಅವ್ವನ ಮುಂದ ಅಳಾಕತ್ತಿದ್ದಿ. ನಾ ಚಹಾ ಹಿಡಕೊಂಡು ಬಾಗಲ ಹಿಂದ ನಿಂತಿದ್ದೆ. "ಮಂಜು ಬಿದ್ದಿಂದ ಸ್ಕ್ರೀನ್ ಮೂರು ತಾಸು ಕರ್ರಗ ಇತ್ತವ್ವಾ. ತಂತಿಗೆ ಏನಾಗೇದ ನೋಡಿ ಬಾ ಅಂತ ಮಾವಗ ನಾನ ವೈರ್‌ಲೆಸ್‌ನಾಗ ಹೇಳಿ ಕಳಿಸಿದೆ. ಚಾಲೂ ಇತ್ತಂತ ಸಹಿ ಮಾಡು, ಇಲ್ಲಂದ್ರ ನೀನ ಮಲಗಿದ್ದಿ ಅಂತ ಬರೀತೀವಿ ಅಂದ್ರು ಸಾಹೇಬರು" ಅಂದಿ. ಅವ್ವ ಅಂದಳು, "ಬಾಯಿ ಮುಚ್ಚು. ಅಳಿಯ ಅಂತೂ ಹೋದ, ನೀನರ ಉಳಿ. ಮೇಘಾಗ ಹೇಳಬ್ಯಾಡ." ನಾ ಚಹಾ ಅಲ್ಲೇ ಇಟ್ಟು ಹಿತ್ತಲಕ್ಕ ಹೋದೆ. ನೀ ಬಂದು ನನಗೂ ಹೇಳ್ತಿ ಅಂತ ಕಾದೆ. ಮರುದಿನ ಗಾಡಿ ಹತ್ತಿ ಹೋಗಿಬಿಟ್ಟಿ.

ಅವರನ್ನ ಕಳಿಸಿದ್ದಕ್ಕ ನನಗ ಸಿಟ್ಟಿಲ್ಲ. ನಿನ್ನ ಜಾಗಾದಾಗ ಅವರಿದ್ರೂ ಯಾರನ್ನರ ಕಳಸ್ತಿದ್ರು. ಆದ್ರ ಮಷೀನಿನ ತಪ್ಪು ಸತ್ತಾಂವನ ತಲಿಗೆ ಕಟ್ಟಿದಿ, ಅದೂ ಒಳಗ ಅಳಕೋತ. ಹುಮನಾಬಾದ ಬಸ್ ಸ್ಟ್ಯಾಂಡ್ ಬಾಜೂಕ ಝೆರಾಕ್ಸ್ ಅಂಗಡಿ ಇಟ್ಟ ಹುಮೇರಾ ಕಡೆ ಹಿಂದಿದಾಗ ಅರ್ಜಿ ಬರಸಿದೆ, ಆ ದಿನದ ಮಷೀನಿನ ದಾಖಲಿ ಕೊಡ್ರಿ ಅಂತ. ದೇಶದ ಭದ್ರತಾ ವಿಷಯ, ಕೊಡಾಕ ಬರೂದಿಲ್ಲ ಅಂತ ಜವಾಬ್ ಬಂತು. ಸ್ಕ್ರೀನ್ ಕರ್ರಗಾಗಿದ್ದು ದೇಶದ ಗುಟ್ಟಂತ. ನನ್ನ ಗಂಡ ಉಡಾಫಿ ಅಂಬೂದು ಗುಟ್ಟಲ್ಲ, ಅದು ಊರ ತುಂಬ ಹಬ್ಬೇದ.

ಈ ಬೇಲಿ ಉಳಿದ ಗಡಿಗೂ ಹಾಕೂ ಮೊದಲು ಪರೀಕ್ಷಾ ಮಾಡಾಕ ಸರ್ಕಾರ ಸಮಿತಿ ಮಾಡ್ಯದಂತ ಕೇಳಿ ಆಸಿ ಹುಟ್ಟಿತ್ತು. ಅವರು ನಿಮ್ಮಲ್ಲಿಗೆ ಬಂದ ಫೋಟೋ ಪೇಪರಿನಾಗ ನೋಡಿದೆ. ಸ್ಕ್ರೀನ್ ಝಗಝಗ ಹೊಳೀತಿತ್ತು, ಸಾಹೇಬರೆಲ್ಲಾ ನಗಾಕತ್ತಿದ್ರು, ಹಿಂದ ನೀ ಇಸ್ತ್ರಿ ಅಂಗಿ ಹಾಕ್ಕೊಂಡು ನೆಟ್ಟಗ ನಿಂತಿದ್ದಿ. ಆ ದಿನ ಮಂಜಿರಲಿಲ್ಲ, ಸಂಜೂ. ಹುಮೇರಾ ಸಮಿತಿಗೂ ಒಂದು ಅರ್ಜಿ ಹಾಕಿಸ್ಯಾಳ. ಹಿಂದ ಗೊತ್ತಿಲ್ಲದಾಕಿ, ನನಗಿಂತ ಜಾಸ್ತಿ ಪರೇಶಾನ ಆಗ್ಯಾಳ.

ವ್ಯಾಳ್ಯಾಕ್ಕ ಉಣ್ಣು, ಜೋಪಾನ ಇರು. ಸಪ್ನಾ ಮಾಮಾಗ ನಮಸ್ಕಾರ ಹೇಳ್ಯಾಳ. ಬಸವಣ್ಣ ನಿನಗ ಆಯುಷ್ಯ ಕೊಡ್ಲಿ, ಬಾಯಿನೂ ಕೊಡ್ಲಿ.

ನಿನ್ನ ಅಕ್ಕ,
ಮೇಘಾ

ತಾ.ಕ.: ಇದನ್ನ ಮ್ಯಾಲ ಬರಿಯಾಕ ಕೈ ಬರಲಿಲ್ಲ. ನಿನ್ನೆ ಹುಮನಾಬಾದ ತಹಶೀಲ್ ಆಫೀಸಿನಾಗ ಸಮಿತಿಯವರು ವಿಡಿಯೋದ ಮ್ಯಾಲ ನನ್ನ ಹೇಳಿಕಿ ತಗೊಂಡ್ರು. ಸ್ಕ್ರೀನ್ ಬಂದ್ ಇತ್ತಂತ ಹೇಳಿದಾಂವ ಯಾರು ಅಂತ ಕೇಳಿದ್ರು. ನಿನ್ನ ಹೆಸರು ಹೇಳೀನಿ. ಮಾರ್ಚ್ ಮೂರಕ್ಕ ನಿನ್ನ ದೆಹಲಿಗೆ ಕರಸ್ತಾರಂತ. ಅವ್ವಗ ಇನ್ನೂ ಗೊತ್ತಿಲ್ಲ. ಅಲ್ಲಿ ನಿಂತು ನಮ್ಮಕ್ಕ ಸುಳ್ಳು ಹೇಳ್ಯಾಳ ಅಂತ ನೀ ಅಂದ್ರ, ಅವ್ವನ ಮೊಣಕಾಲಿನ ಗುಳಿಗಿ ಮುಂದಿನ ತಿಂಗಳಿಂದ ನೀನ ತಂದುಕೊಡಬೇಕು. ಆಮ್ಯಾಲ ನಾ ಆ ತವರಮನಿಗೆ ಹೋಗೂದಿಲ್ಲ.